ದಸ್ತಗಿರಿಯೂ ಮನೆಯ ಶೋಧನೆಯೂ

ಒಬ್ಬನನ್ನು ಅವನ ಮನೆಯಲ್ಲಿಯೇ ದಸ್ತಗಿರಿ ಮಾಡಿದ ಮಾತ್ರಕ್ಕೆ ಆ ಮನೆಯ ಪೆಟ್ಟಿಗೆಗಳನ್ನೆಲ್ಲ ತೆರೆದು ನೋಡುವ ಅಧಿಕಾರವು ಪೋಲೀಸಿನವರಿಗೆ ಬರುವುದೇ? ಅಮೆರಿಕಾ ಸಂಯುಕ್ತ ಸಂಸ್ಥಾನಗಳ ಪರಮೋಚ್ಚ ನ್ಯಾಯಾಲಯವು 1947ರಲ್ಲಿಯೂ 1950ರಲ್ಲಿಯೂ ಪೋಲೀಸಿನವರಿಗೆ ಅನುಕೂಲವಾಗಿಯೇ ತೀರ್ಪಿತ್ತಿದ್ದಿತು.

1965ರ ಸೆಪ್ಟೆಂಬರಿನಲ್ಲಿ ಕ್ಯಾಲಿಫೋರ್ನಿಯಾದ ಸಾಂಟಾ ಆನಾ ಪಟ್ಟಣದಲ್ಲಿ, ನಾಣ್ಯದ ಅಂಗಡಿಯೊಂದರ ಕಳವಿನ ಸಂಬಂಧವಾಗಿ ಮೂವರು ಅಧಿಕಾರಿಗಳು ಆಪಾದಿತನ ಮನೆಗೆ ಬಂದರು. ಅವರಲ್ಲಿ ದಸ್ತಗಿರಿಯ ವಾರಂಟಿದ್ದಿತು, ಶೋಧನೆಯ ವಾರಂಟಿರಲಿಲ್ಲ. ಆತನು ಕೆಲಸದಿಂದ ಹಿಂದಿರುಗಿದೊಡನೆ ಹಿಡಿದರು. ಆತನು ಬೇಡವೆಂದರೂ ಕೇಳದೆ ಮೂರು ಮಲಗುವ ಕೋಣೆಗಳು, ಅಟ್ಟ, ಮೋಟಾರು ಖಾನೆ ಎಲ್ಲವನ್ನೂ ಮುಕ್ಕಾಲು ಗಂಟೆಗೆ ಕಡಮೆಯಿಲ್ಲದೆ ಶೋಧಿಸಿದರು. ಮೇಜಿನ ಖಾನೆಗಳನ್ನು ಆತನ ಹೆಂಡತಿಯ ಕೈಯಿಂದಲೇ ತೆಗೆಯಿಸಿದರು! ದೊರೆತ ನಾಣ್ಯಗಳೇ ಸಾಕ್ಷ್ಯವಾದುವು.

ಚಿಮೆಲ್ ಮೊಕದ್ದಮೆಯೆನಿಸಿದ ಇದರಲ್ಲಿ, 1969ರಲ್ಲಿ, ನ್ಯಾಯಮೂರ್ತಿ ಸ್ಟೂಅರ್ಟರು ಹಳೆಯ ತೀರ್ಪುಗಳನ್ನು ತಳ್ಳಿಹಾಕಿದರು. ಬಂದಿಯ ಮೈಯನ್ನೂ, ಆತನು ಆಯುಧವನ್ನು ಎಳೆದುಕೊಳ್ಳಲು ಅಥವಾ ಸಾಕ್ಷ್ಯವನ್ನು ನಾಶಪಡಿಸಲು ಕೈಚಾಚಬಹುದಾದಷ್ಟು ಸ್ಥಳವನ್ನೂ ಮಾತ್ರ ಶೋಧಿಸಬಹುದು. ಮಿಕ್ಕ ಕೋಣೆಗಳಿಗೆ ಸಾಮಾನ್ಯವಾಗಿ ಬೇರೆಯ ವಾರಂಟು ಬೇಕು. ಹಾಗಲ್ಲವಾದರೆ, ಬೀದಿಯಲ್ಲಿ ಹಿಡಿಯಬಹುದಾದವನನ್ನು ಮನೆ ಸೇರುವವರೆಗೆ ಕಾದು ಹಿಡಿಯುವುದೇ ಪೋಲೀಸಿನವರಿಗೆ ಲಾಭವಾಗುವುದಷ್ಟೆ.

ವಾರಂಟು ತರುವಷ್ಟರಲ್ಲಿ ಮನೆಯವರು ಮಾಲನ್ನು ಸಾಗಿಸಿಬಿಟ್ಟರೆ? ಭಿನ್ನಾಭಿಪ್ರಾಯವಿತ್ತ ನ್ಯಾಯಮೂರ್ತಿ ವೈಟರ ಈ ಆಕ್ಷೇಪಣೆಯು ಹಗುರವಾದುದಲ್ಲ. ಆದರೂ ನಿಯಮವು ನಿಂತಿತು. 1990ರಲ್ಲಿ ಮೇರಿಲೆಂಡಿನ ಮೊಕದ್ದಮೆಯೊಂದರಲ್ಲಿ ಅದಕ್ಕೆ ತುಸು ಸಡಿಲಿಕೆಯಾಯಿತು: ದಸ್ತಗಿರಿಯ ಸ್ಥಳಕ್ಕೆ ಹೊಂದಿಕೊಂಡ ಎಡೆಗಳಲ್ಲಿಯೂ, ಅಪಾಯದ ಶಂಕೆಗೆ ತಕ್ಕ ಕಾರಣವಿದ್ದರೆ ಇತರ ಕೋಣೆಗಳಲ್ಲಿಯೂ, ಯಾರಾದರೂ ಅಡಗಿರುವರೇ ಎಂದು ಬೇಗನೆ ನೋಡಿ ಬರಬಹುದು. ಮನುಷ್ಯನು ಅಡಗಲಾರದ ಮೇಜಿನ ಖಾನೆಯನ್ನು ಆ ನೆಪದಿಂದ ಎಳೆಯುವಂತಿಲ್ಲ.