ನಿಮಗಿದು ಗೊತ್ತೇ? ನಿದ್ದೆಗೆಡಿಸಿದ ಪುಸ್ತಕಗಳ ಹಿಂದಿನ ಸಂಗತಿಗಳು

ಪತ್ತೇದಾರಿ ಕಾದಂಬರಿಯೊಂದು ಮಗುವಿನ ಜೀವ ಉಳಿಸಿದ್ದು ಗೊತ್ತೇ? 1977ರಲ್ಲಿ ಕತಾರ್‌ನಿಂದ ಲಂಡನ್ನಿನ ಹ್ಯಾಮರ್‌ಸ್ಮಿತ್ ಆಸ್ಪತ್ರೆಗೆ ಬಂದ 19 ತಿಂಗಳ ಕೂಸಿಗೆ ಏನಾಗಿದೆಯೆಂದು ವೈದ್ಯರಿಗೂ ಹೊಳೆಯಲಿಲ್ಲ. ಕೂಸನ್ನು ನೋಡಿಕೊಳ್ಳುತ್ತಿದ್ದ ನರ್ಸ್ ಆಗ ಓದುತ್ತಿದ್ದದ್ದು ಅಗಾಥಾ ಕ್ರಿಸ್ಟಿಯ ‘ದ ಪೇಲ್ ಹಾರ್ಸ್’. ಮಗುವಿನ ಕೂದಲು ಉದುರುವುದನ್ನು ಕಂಡು, ಕಥೆಯಲ್ಲಿ ಬರುವ ಥ್ಯಾಲಿಯಂ ವಿಷವೇ ಇದಕ್ಕೆ ಕಾರಣವಿರಬಹುದೇ ಎಂದು ಆಕೆ ಕೇಳಿದರು. ಪರೀಕ್ಷೆ ಮಾಡಿಸಿದರೆ, ಅದೇ! ಮನೆಯಲ್ಲಿ ಜಿರಲೆ, ಇಲಿಗಳಿಗೆಂದು ತಂದಿದ್ದ ಪಾಷಾಣ ಕೂಸಿನ ಹೊಟ್ಟೆ ಸೇರಿತ್ತು. ಮಗು ಚೇತರಿಸಿಕೊಂಡಿತು. ವೈದ್ಯರು ತಮ್ಮ ಲೇಖನದಲ್ಲಿ ಕ್ರಿಸ್ಟಿಗೂ ಕೃತಜ್ಞತೆ ಸಲ್ಲಿಸಿದರು. ಆದರೆ ಅದನ್ನು ನೋಡಲು ಆಕೆ ಇರಲಿಲ್ಲ. 1976ರ ಜನವರಿಯಲ್ಲೇ ತೀರಿಕೊಂಡಿದ್ದರು.

ಕ್ರಿಸ್ಟಿಗೆ ವಿಷಗಳ ಗುಟ್ಟು ತಿಳಿದದ್ದು ಎಲ್ಲಿ? ಮೊದಲ ಮಹಾಯುದ್ಧದ ಕಾಲದಲ್ಲಿ ಟಾರ್ಕಿಯ ಆಸ್ಪತ್ರೆಯೊಂದರ ಔಷಧ ವಿಭಾಗದಲ್ಲಿ ಕೆಲಸ ಮಾಡುತ್ತಾ.

‘ಸೈಕೋ’ ಬರೆದ ರಾಬರ್ಟ್ ಬ್ಲಾಕ್ ಅಮೆರಿಕದ ವಿಸ್ಕಾನ್ಸಿನ್‌ನಲ್ಲಿದ್ದಾಗಲೇ, ಅದೇ ರಾಜ್ಯದ ಪ್ಲೇನ್‌ಫೀಲ್ಡ್‌ನಲ್ಲಿ ಎಡ್ ಗೀನ್ ಎಂಬ ಹಂತಕ 1957ರಲ್ಲಿ ಸಿಕ್ಕಿಬಿದ್ದ. ಊರವರ ಕಣ್ಣಿಗೆ ಆತ ತನ್ನ ಪಾಡಿಗೆ ತಾನಿದ್ದ ನಿರುಪದ್ರವಿ. ಆ ಸುದ್ದಿಯ ಪ್ರೇರಣೆಯಿಂದ ಎರಡೇ ವರ್ಷಕ್ಕೆ ಕಾದಂಬರಿ ಬಂತು.

ಟ್ರೂಮನ್ ಕಪೋಟಿಯ ‘ಇನ್ ಕೋಲ್ಡ್ ಬ್ಲಡ್’ ಓದಿ ಮುಗಿಸಿದ ಮೇಲೆ ಹಲವು ದಿನ ನನಗೆ ಬೇರೆ ಪುಸ್ತಕ ಹಿಡಿಯಲಾಗಲಿಲ್ಲ. 1959ರ ನವೆಂಬರ್‌ನಲ್ಲಿ ಕ್ಯಾನ್ಸಸ್‌ನ ಹೋಲ್ಕಂಬ್‌ನಲ್ಲಿ ಒಂದೇ ಮನೆಯ ನಾಲ್ವರ ಕೊಲೆಯಾಯಿತು. ತಿಜೋರಿ ತುಂಬ ಹಣವಿದೆಯೆಂದು ನಂಬಿ ಬಂದವರಿಗೆ ಸಿಕ್ಕಿದ್ದು 50 ಡಾಲರೂ ಅಲ್ಲ. ತಿಜೋರಿಯೇ ಇರಲಿಲ್ಲ! ಕಪೋಟಿ ಇಬ್ಬರು ಹಂತಕರ ಜೊತೆ ವರ್ಷಗಟ್ಟಲೆ ಮಾತಾಡಿದರು, ಪತ್ರ ಬರೆದರು. ಆದರೆ ಪುಸ್ತಕಕ್ಕೆ ಕೊನೆ ಸಿಗಬೇಕಾದರೆ ಅವರಿಬ್ಬರ ಹಣೆಬರಹ ತೀರ್ಮಾನವಾಗಬೇಕಿತ್ತು. 1965ರ ಏಪ್ರಿಲ್‌ನಲ್ಲಿ ಗಲ್ಲಾಯಿತು, ಮರುವರ್ಷ ಪುಸ್ತಕ ಬಂತು. ಕೊಲೆಯ ವಿವರಗಳಿಗಿಂತ ಈ ಕಾಯುವಿಕೆಯೇ ನನ್ನನ್ನು ಹೆಚ್ಚು ಕಲಕಿತು.

ಸಿಯಾಟಲ್‌ನ ಆತ್ಮಹತ್ಯೆ ತಡೆ ಸಹಾಯವಾಣಿಯಲ್ಲಿ ಲೇಖಕಿ ಆನ್ ರೂಲ್ ಜೊತೆ ಕೂತು, ನೊಂದವರ ಕರೆಗಳಿಗೆ ಸಮಾಧಾನ ಹೇಳುತ್ತಿದ್ದ ಯುವಕ ಯಾರು ಗೊತ್ತೇ? ಸರಣಿ ಹಂತಕ ಟೆಡ್ ಬಂಡಿ. ಆಗ ಆಕೆಗೆ ಅದರ ಸುಳಿವೂ ಇರಲಿಲ್ಲ. ಅವನನ್ನು ಕುರಿತು ಆಕೆ ಬರೆದ ಪುಸ್ತಕ 1980ರಲ್ಲಿ ಹೊರಬಂತು.

ನಮ್ಮ ಅರಿಶಿನ-ಕುಂಕುಮ ಬಣ್ಣದ ಕನ್ನಡ ಬಾವುಟ ರೂಪಿಸಿದ ಮ. ರಾಮಮೂರ್ತಿ ಪತ್ತೇದಾರಿ ಕಾದಂಬರಿಗಳನ್ನೂ ಬರೆದವರು.

ಇನ್ನು ‘ಮಹಾಪಲಾಯನ’. ಪೂರ್ಣಚಂದ್ರ ತೇಜಸ್ವಿಯವರ ಕನ್ನಡದಲ್ಲಿ ಇದನ್ನು ಓದಿ ಮೈನವಿರೇಳದವರು ಕಡಿಮೆ. ಸೈಬೀರಿಯಾದ ಸೆರೆ ಶಿಬಿರದಿಂದ ತಪ್ಪಿಸಿಕೊಂಡು, ಗೋಬಿ ಮರುಭೂಮಿ, ಹಿಮಾಲಯ ದಾಟಿ, ಕಾಲ್ನಡಿಗೆಯಲ್ಲೇ ಭಾರತ ಸೇರಿದೆವು ಎಂದು ಪೋಲೆಂಡಿನ ಸ್ಲಾವೊಮಿರ್ ರಾವಿಚ್ 1956ರಲ್ಲಿ ಹೇಳಿದ ಕಥೆ ಅದು. ಆದರೆ 2006ರಲ್ಲಿ ಬಿಬಿಸಿ ಹೊರಗೆಡಹಿದ ಸೋವಿಯತ್ ದಾಖಲೆಗಳ ಪ್ರಕಾರ, ರಾವಿಚ್ ತಪ್ಪಿಸಿಕೊಂಡಿರಲೇ ಇಲ್ಲ. ಪೋಲಿಷ್ ಕೈದಿಗಳಿಗೆ ಸಿಕ್ಕ ಕ್ಷಮಾದಾನದಿಂದ 1942ರಲ್ಲಿ ಅವರೂ ಬಿಡುಗಡೆಯಾಗಿದ್ದರು. ಇದನ್ನು ತಿಳಿದ ದಿನ ನನಗೆ ನಿಜಕ್ಕೂ ಸಂಕಟವಾಯಿತು. ಆದರೂ ರಾವಿಚ್ ಸೋವಿಯತ್ ಸೆರೆಯಲ್ಲಿದ್ದದ್ದು ಸುಳ್ಳಲ್ಲ. 1939ರ ನಂತರ ಲಕ್ಷಾಂತರ ಪೋಲಿಷ್ ಜನರನ್ನು ಸೋವಿಯತ್ ಒಕ್ಕೂಟದ ದೂರದ ನೆಲಗಳಿಗೆ ಅಟ್ಟಿದ್ದೂ ಸುಳ್ಳಲ್ಲ. ಅವರಲ್ಲಿ ಬಹಳಷ್ಟು ಮಂದಿ ಮನೆಗೆ ಮರಳಲಿಲ್ಲ.