ಉಮಾಂಗೈಟ್: ತಾಮ್ರದ ಒಂದು ಅಪೂರ್ವ ಖನಿಜ

ಮಳೆಗಾಲ ಹತ್ತಿರವಾಯಿತೆಂದರೆ ಮಲ್ಲಂದೂರಿನ ಸುತ್ತಣ ಕಾಫಿ ತೋಟಗಳಲ್ಲಿ ಮೈಲುತುತ್ತದ ನೀರಿಗೆ ಸುಣ್ಣವನ್ನು ಬೆರಸಿ ಗಿಡಗಳಿಗೆ ಸಿಂಪಡಿಸುವ ಕೆಲಸ ಮೊದಲಾಗುತ್ತದೆ. ಎಲೆತುಕ್ಕಿನ ರೋಗವನ್ನು ತಡೆಯುವ ಈ ಬೋರ್ಡೋ ದ್ರಾವಣದ ನೀಲಿಯನ್ನು ಆ ಸೀಮೆಯ ವಿದ್ಯಾರ್ಥಿಗಳಾರೂ ಅರಿಯದವರಲ್ಲ. ಮೈಲುತುತ್ತದಲ್ಲಿ ತಾಮ್ರವೂ ಗಂಧಕವೂ ಕೂಡಿಕೊಂಡಿವೆ. ಈ ಎರಡರ ನಂಟು ಬಹು ಪುರಾತನವಾದುದು. ಭೂಮಿಯಿಂದ ನಾವು ಅಗೆದು ತೆಗೆಯುವ ತಾಮ್ರದ ಬಹುಭಾಗ ಗಂಧಕದೊಡನೆ ಸೇರಿದ ಅದಿರಿನಿಂದಲೇ ಬರುತ್ತದೆ. ಆದರೆ ಗಂಧಕಕ್ಕೆ ಒಬ್ಬ ತಮ್ಮನುಂಟು. ಆವರ್ತಕೋಷ್ಟಕದಲ್ಲಿ ಗಂಧಕದ ಕೆಳಗಣ ಮನೆಯಲ್ಲಿರುವ ಸೆಲೆನಿಯಮ್ಮೇ ಆ ತಮ್ಮ. ಗುಣದಲ್ಲಿ ಅಣ್ಣನನ್ನೇ ಹೋಲುವ ಈ ಧಾತು ತಾಮ್ರದೊಡನೆ ಕೂಡಿ ಆಗುವ ಖನಿಜಗಳು ಮಾತ್ರ ಅತ್ಯಂತ ವಿರಳ. ಹೀಗೇಕೆ?

ಮೊದಲು ಖನಿಜದ ಪರಿಚಯವನ್ನು ಮಾಡಿಕೊಳ್ಳೋಣ. ಮೂರು ತಾಮ್ರದ ಪರಮಾಣುಗಳಿಗೆ ಎರಡು ಸೆಲೆನಿಯಂ ಪರಮಾಣುಗಳು ಸೇರಿದರೆ ಉಮಾಂಗೈಟ್ ಆಗುತ್ತದೆ. ಅರ್ಜೆಂಟೈನಾ ದೇಶದ ಉಮಾಂಗೋ ಬೆಟ್ಟಸಾಲಿನಲ್ಲಿ ದೊರೆತುದರಿಂದ ಅದಕ್ಕೆ ಆ ಹೆಸರು. 1891ರಲ್ಲಿ ಅದನ್ನು ವರ್ಣಿಸಿದವನು ಕ್ಲಾಕ್‌ಮನ್ ಎಂಬ ಜರ್ಮನ್ ವಿಜ್ಞಾನಿ. ಹೊಸದಾಗಿ ಒಡೆದ ಮುಖ ಕಪ್ಪು ಬೆರೆತ ಕೆಂಪು. ಗಾಳಿಗೆ ತೆರೆದಿಟ್ಟರೆ ನೇರಳೆಗೆ ತಿರುಗುತ್ತದೆ. ತೂಕ ನೀರಿಗಿಂತ ಸುಮಾರು ಆರೂವರೆ ಪಟ್ಟು. ಕಾಠಿಣ್ಯ ಮೂರು, ಎಂದರೆ ಚಾಕುವಿನ ಮೊನೆಯಿಂದ ಸುಲಭವಾಗಿ ಗೀರಬಹುದು. ತಾಮ್ರದ ಅಂಶ ಇನ್ನೂ ಹೆಚ್ಚಿದರೆ, ಎಂದರೆ ಎರಡಕ್ಕೆ ಒಂದರಂತೆ ಕೂಡಿದರೆ, ಬರ್ಜೀಲಿಯನೈಟ್; ಸಮಸಮವಾದರೆ ಕ್ಲಾಕ್‌ಮನ್ನೈಟ್. ಈ ಮೂರೂ ಅನೇಕ ವೇಳೆ ಒಂದೇ ಕಲ್ಲಿನಲ್ಲಿ ಹೆಣೆದುಕೊಂಡಿರುತ್ತವೆ.

ಬರ್ಜೀಲಿಯಸ್ ಸ್ವೀಡನ್ ದೇಶದ ಮಹಾ ರಸಾಯನಜ್ಞ. ಫಾಲುನ್ ಗಣಿಯ ಅದಿರಿನಿಂದ ಗಂಧಕಾಮ್ಲವನ್ನು ತಯಾರಿಸುತ್ತಿದ್ದ ಗ್ರಿಪ್ಸ್‌ಹೋಮ್ ಕಾರ್ಖಾನೆಯ ಕೋಣೆಗಳ ತಳದಲ್ಲಿ ಕೆಂಪು ಬಣ್ಣದ ಕೆಸರು ನಿಲ್ಲುತ್ತಿತ್ತು. 1817ರಲ್ಲಿ ಆತನೂ ಗಾನ್ ಎಂಬವನೂ ಅದನ್ನು ಪರೀಕ್ಷಿಸಿದರು. ಸುಟ್ಟಾಗ ಮೂಲಂಗಿಯ ವಾಸನೆ ಬಂದುದರಿಂದ ಮೊದಲು ಅದನ್ನು ಟೆಲ್ಯೂರಿಯಂ ಎಂದೇ ಭಾವಿಸಿದರು. ಹೆಚ್ಚಿನ ಪರೀಕ್ಷೆಯಿಂದ ಅದು ಹೊಸ ಧಾತುವೆಂದು ತಿಳಿಯಿತು. ಟೆಲ್ಯೂರಿಯಂ ಎಂಬ ಹೆಸರು ಭೂಮಿಯಿಂದ ಬಂದುದರಿಂದ ಅದರ ಈ ಸಂಗಾತಿಗೆ ಚಂದ್ರನ ಗ್ರೀಕ್ ಹೆಸರು ದೊರೆಯಿತು. ಇಷ್ಟರಲ್ಲೇ ಸ್ವೀಡನ್ನಿನ ಸ್ಕ್ರಿಕೆರುಮ್ ಎಂಬಲ್ಲಿ ತಾಮ್ರ, ಬೆಳ್ಳಿ, ಸೆಲೆನಿಯಂಗಳ ಖನಿಜವೊಂದು ಕೈಗೆ ಸಿಕ್ಕಿತು. ಸಕಾಲಕ್ಕೆ ಬಂದುದೆಂಬ ಅರ್ಥದಲ್ಲಿ ಬರ್ಜೀಲಿಯಸ್ ಅದನ್ನು ಯೂಕೈರೈಟ್ ಎಂದು ಕರೆದನು. ಅದೇ ಸ್ಥಳದ ತಾಮ್ರದ ಸೆಲೆನೈಡಿಗೆ ಮುಂದೆ ಆತನದೇ ಹೆಸರು ಬಂದಿತು. (ಆ ಮೂಲಂಗಿಯ ವಾಸನೆಯನ್ನು ಪರೀಕ್ಷಿಸುವ ಉತ್ಸಾಹ ಯಾರಿಗೂ ಬೇಡ, ಆ ಹೊಗೆ ವಿಷ.)

ಇನ್ನು ವಿರಳತೆಯ ಪ್ರಶ್ನೆ. ಭೂಮಿಯ ಹೊರಚಿಪ್ಪಿನ ಒಂದು ಟನ್ ಶಿಲೆಯಲ್ಲಿ ಸರಾಸರಿ 350 ಗ್ರಾಂನಷ್ಟು ಗಂಧಕವಿದ್ದರೆ ಸೆಲೆನಿಯಂ ಇರುವುದು ಸುಮಾರು 0.05 ಗ್ರಾಂ. ಪ್ರಮಾಣ ಕಡಿಮೆಯೆಂಬುದು ನಿಜ. ಆದರೂ ಪೂರ್ಣ ಕಾರಣ ಇದಲ್ಲ. ಚಿನ್ನ ಅದಕ್ಕಿಂತ ವಿರಳವಾದರೂ ತನ್ನಷ್ಟಕ್ಕೆ ತಾನೇ ಕಾಣಿಸಿಕೊಳ್ಳುತ್ತದೆಯಲ್ಲವೆ? ಸೆಲೆನಿಯಮ್ಮಿನ ಅಯಾನು ಗಂಧಕದ ಅಯಾನಿಗಿಂತ ಶೇಕಡ 8ರಷ್ಟು ಮಾತ್ರ ದೊಡ್ಡದು. ಆದ್ದರಿಂದ ಗಂಧಕದ ಸ್ಫಟಿಕ ಬೆಳೆಯುವಾಗ ಅಲ್ಲೊಂದು ಇಲ್ಲೊಂದು ಸ್ಥಾನದಲ್ಲಿ ಸೆಲೆನಿಯಂ ಸದ್ದಿಲ್ಲದೆ ಕುಳಿತುಬಿಡುತ್ತದೆ. ಅದು ಇಲ್ಲವೆಂದಲ್ಲ, ಅಣ್ಣನ ಮರೆಯಲ್ಲಿ ಅಡಗಿದೆ. ಹಿಂದೆ ತಾಮ್ರವನ್ನು ತೆಗೆಯುತ್ತಿದ್ದ ಚಿತ್ರದುರ್ಗದ ಬಳಿಯ ಇಂಗಳದಾಳು, ಅರಸೀಕೆರೆ ತಾಲ್ಲೂಕಿನ ಕಲ್ಯಾಡಿ, ಈ ಎರಡೆಡೆಯ ಮುಖ್ಯ ಅದಿರು ತಾಮ್ರ, ಕಬ್ಬಿಣ, ಗಂಧಕಗಳು ಕೂಡಿದ ಚಾಲ್ಕೊಪೈರೈಟ್. ಸೆಲೆನಿಯಂ ಅಡಗುವುದು ಇಂಥ ಅದಿರುಗಳಲ್ಲಿಯೇ.

ಅಣ್ಣನನ್ನು ದೂರ ಮಾಡಿದರಲ್ಲದೆ ತಮ್ಮನು ಹೊರಗೆ ಬರುವಂತಿಲ್ಲ. ಪ್ರಕೃತಿಯಲ್ಲಿ ಈ ಕೆಲಸವನ್ನು ಆಮ್ಲಜನಕ ಮಾಡುತ್ತದೆ. ಬಿರುಕುಗಳಲ್ಲಿ ಹರಿಯುವ ಬಿಸಿನೀರು ಉತ್ಕರ್ಷಕ ಗುಣವುಳ್ಳದ್ದಾದರೆ ಗಂಧಕವು ಬೇಗನೆ ಸಲ್ಫೇಟಾಗಿ ಪಕ್ಕಕ್ಕೆ ಸರಿಯುತ್ತದೆ. ಸೆಲೆನಿಯಂ ಅಷ್ಟು ಸುಲಭವಾಗಿ ಉತ್ಕರ್ಷಣಗೊಳ್ಳದು, ಲೋಹದ ಕೈ ಹಿಡಿದು ಉಳಿಯುತ್ತದೆ. ಅಂಥ ನೀರಿನಲ್ಲಿ ಕಬ್ಬಿಣವು ಹೆಮಟೈಟ್ ಆಗಿ ನಿಲ್ಲುತ್ತದೆ. ಜರ್ಮನಿಯ ಹಾರ್ಟ್ಸ್ ಬೆಟ್ಟಗಳ ಟಿಲ್ಕರೋಡೆಯಲ್ಲಿ ಸೆಲೆನೈಡುಗಳು ಹೆಮಟೈಟಿನ ನೆರೆಯಲ್ಲೇ ದೊರೆಯುವುದಕ್ಕೆ ಇದೇ ಕಾರಣ.

ಇದನ್ನು ಓದಿದ ಮಲೆನಾಡಿನ ಜಾಣ ವಿದ್ಯಾರ್ಥಿ, ನಮ್ಮ ಬಾಬಾಬುಡನ್ ಗಿರಿಯಲ್ಲಿಯೂ ಕೆಮ್ಮಣ್ಣುಗುಂಡಿಯಲ್ಲಿಯೂ ಹೆಮಟೈಟ್ ರಾಶಿರಾಶಿಯಾಗಿದೆಯಲ್ಲ, ಅಲ್ಲಿ ಹುಡುಕಬಹುದೆ ಎಂದು ಕೇಳಿಯಾನು. ಪ್ರಶ್ನೆ ಒಳ್ಳೆಯದು. ಆದರೆ ಆ ಕಬ್ಬಿಣದ ಶಿಲೆ 250 ಕೋಟಿ ವರ್ಷಗಳಿಗೂ ಹಿಂದೆ ಸಮುದ್ರದ ತಳದಲ್ಲಿ ಪದರಪದರವಾಗಿ ನಿಂತುದು. ಟಿಲ್ಕರೋಡೆಯದು ಬಿರುಕುಗಳಲ್ಲಿ ಹರಿದ ಬಿಸಿನೀರು ಬಿಟ್ಟುಹೋದುದು. ಹೆಮಟೈಟ್ ಒಂದೇ ಸಾಲದು. ತಾಮ್ರವನ್ನೂ ಸೆಲೆನಿಯಮ್ಮನ್ನೂ ಹೊತ್ತು ತರುವ ನೀರೂ ಬೇಕು.

ಬೆಟ್ಟದಲ್ಲಿ ಇಷ್ಟು ವಿರಳವಾದ ವಸ್ತು ಕಾರ್ಖಾನೆಯ ತೊಟ್ಟಿಯಲ್ಲಿ ದಿನವೂ ಹುಟ್ಟುತ್ತದೆಯೆಂದರೆ ಆಶ್ಚರ್ಯವಾದೀತು. ತಾಮ್ರವನ್ನು ಶುದ್ಧಿಮಾಡಲು ಅದರ ದಪ್ಪ ಹಲಗೆಗಳನ್ನು ಮೈಲುತುತ್ತ ಮತ್ತು ಗಂಧಕಾಮ್ಲಗಳ ದ್ರಾವಣದಲ್ಲಿ ಧನಧ್ರುವವಾಗಿ ಇಳಿಬಿಟ್ಟು ವಿದ್ಯುತ್ತನ್ನು ಹರಿಸುತ್ತಾರೆ. ತಾಮ್ರ ಕರಗಿ ಋಣಧ್ರುವವನ್ನು ಸೇರುತ್ತದೆ. ಚಿನ್ನ ಕರಗದೆ ತಳಕ್ಕೆ ಬೀಳುತ್ತದೆ. ಸೆಲೆನಿಯಮ್ಮಿನ ಗತಿಯೂ ಅದೇ; ಬೆಳ್ಳಿಯೊಡನೆಯೂ ತಾಮ್ರದೊಡನೆಯೂ ಸೆಲೆನೈಡಾಗಿ ಕಪ್ಪು ಕೆಸರಿನಲ್ಲಿ ನಿಲ್ಲುತ್ತದೆ. ಜಗತ್ತಿನ ಸೆಲೆನಿಯಮ್ಮಿನ ಬಹುಭಾಗ ಬರುವುದು ಈ ಕೆಸರಿನಿಂದಲೇ.

ಭೌತವಿಜ್ಞಾನಿಗೆ ಈ ಖನಿಜಗಳಲ್ಲಿ ಬೇರೆಯೇ ಆಸಕ್ತಿಯುಂಟು. ಉಮಾಂಗೈಟನ್ನು ಕಾಯಿಸಿದರೆ ಸುಮಾರು 113 ಡಿಗ್ರಿ ಸೆಲ್ಸಿಯಸ್‌ನಲ್ಲಿ, ಎಂದರೆ ಪ್ರೆಷರ್ ಕುಕ್ಕರಿನೊಳಗಿನ ಉಷ್ಣತೆಯಷ್ಟಕ್ಕೇ, ಬರ್ಜೀಲಿಯನೈಟ್ ಮತ್ತು ಕ್ಲಾಕ್‌ಮನ್ನೈಟ್‌ಗಳಾಗಿ ಒಡೆಯುತ್ತದೆ. ಕಲ್ಲಿನಲ್ಲಿ ಉಮಾಂಗೈಟ್ ಕಂಡರೆ ಅದು ಅದಕ್ಕಿಂತ ಕಡಿಮೆ ಉಷ್ಣತೆಯಲ್ಲಿ ಹುಟ್ಟಿರಬೇಕು, ಇಲ್ಲವೆ ಬಿಸಿಯಾದ ಖನಿಜ ಮೆಲ್ಲಗೆ ತಣಿಯುವಾಗ ಆಗಿರಬೇಕು. ಹೀಗೆ ಅದೊಂದು ಉಷ್ಣತಾಮಾಪಕ.

ಬರ್ಜೀಲಿಯನೈಟಿನ ಸಂಯೋಜನೆಯುಳ್ಳ ತಾಮ್ರದ ಸೆಲೆನೈಡ್ ಇನ್ನೂ ವಿಚಿತ್ರವಾದುದು. 130-140 ಡಿಗ್ರಿಯನ್ನು ದಾಟಿದರೆ ಸೆಲೆನಿಯಂ ಪರಮಾಣುಗಳು ತಮ್ಮ ತಮ್ಮ ಸ್ಥಾನಗಳಲ್ಲಿ ನಿಂತಿದ್ದರೂ ತಾಮ್ರದ ಅಯಾನುಗಳು ಅವುಗಳ ನಡುವೆ ದ್ರವದಂತೆ ಅಲೆದಾಡತೊಡಗುತ್ತವೆ. ಘನವಸ್ತುವಿನೊಳಗೇ ಒಂದು ದ್ರವ! ಶಾಖವು ಸ್ಫಟಿಕದಲ್ಲಿ ಹರಿಯುವುದು ಬಹುಮಟ್ಟಿಗೆ ಪರಮಾಣುಗಳ ಕಂಪನದ ಅಲೆಗಳಿಂದ. ಅಲೆದಾಡುವ ಅಯಾನುಗಳು ಆ ಅಲೆಗಳನ್ನು ಕೆಡಿಸುವುದರಿಂದ ಶಾಖ ಹರಿಯದು, ವಿದ್ಯುತ್ತು ಮಾತ್ರ ಚೆನ್ನಾಗಿ ಹರಿಯುತ್ತದೆ. ಶಾಖವನ್ನು ನೇರವಾಗಿ ವಿದ್ಯುತ್ತಾಗಿಸುವ ಸಾಧನಕ್ಕೆ ಬೇಕಾದುದು ಇದೇ. ಚೀನಾ ಮತ್ತು ಅಮೆರಿಕದ ವಿಜ್ಞಾನಿಗಳು 2012ರಲ್ಲಿ ಈ ಗುಣವನ್ನು ವಿವರಿಸಿದ ಮೇಲೆ ಇದರ ಅಧ್ಯಯನ ಬಿರುಸಾಯಿತು. ಆದರೆ ತೊಡಕೂ ಅಲ್ಲೇ ಇದೆ. 1970ರ ದಶಕದಲ್ಲಿಯೇ ಅಮೆರಿಕದಲ್ಲಿ ತಾಮ್ರ ಬೆಳ್ಳಿಗಳ ಸೆಲೆನೈಡನ್ನು ಬಾಹ್ಯಾಕಾಶ ನೌಕೆಗಳ ವಿದ್ಯುಜ್ಜನಕಗಳಿಗಾಗಿ ಪರೀಕ್ಷಿಸಿ ಕೈಬಿಟ್ಟಿದ್ದರು. ಅಲೆದಾಡುವ ತಾಮ್ರ ಪ್ರವಾಹದೊಡನೆ ಸರಿದು ಒಂದು ತುದಿಯನ್ನು ಸೇರಿ ಸಾಧನವನ್ನೇ ಕೆಡಿಸುತ್ತಿತ್ತು. ಶಾಖವನ್ನು ತಡೆಯುವಷ್ಟು ಅಲೆದಾಟವಿರಬೇಕು, ಆದರೆ ತಾಮ್ರ ತುದಿಯವರೆಗೆ ಓಡಿಹೋಗಬಾರದು. ಪ್ರಯೋಗಶಾಲೆಗಳಲ್ಲಿ ಈಗ ನಡೆದಿರುವುದು ಇದರ ಯತ್ನ.