ಬಾಗಿಲ ಹೊರಗೆ ಕೂರಿಸಿದ ಅವ್ವ

ಅಮೆರಿಕದ ಮಿಸಿಸಿಪ್ಪಿ ಸೀಮೆಯಲ್ಲಿ ಫಾರೆಸ್ಟ್ ಅಂತ ಒಂದು ಸಣ್ಣ ಊರು. 1940ರ ದಶಕದ ಆರಂಭದಲ್ಲಿ ಆ ಊರಿನ ಆಚೆ ಒಕ್ಕಲುತನ ಮಾಡಿಕೊಂಡಿದ್ದ ಲೂಯಿಸ್ ದಂಪತಿಯ ಮನೆಗೆ ಡೊನಾಲ್ಡ್ ಟ್ರಿಪ್ಲೆಟ್ ಎಂಬ ಹುಡುಗ ಬಂದು ಉಳಿದ. ಕಂಡಿದ್ದನ್ನೆಲ್ಲ ಅಳೆಯುವುದು ಅವನ ಗೀಳು. ಲೂಯಿಸ್ ದಂಪತಿ ಗದರಿಸಲಿಲ್ಲ. ಬಾವಿ ತೋಡುವ ಕೆಲಸಕ್ಕೆ ಹಚ್ಚಿ, ಆಳ ಎಷ್ಟಾಯಿತು ಹೇಳು ಎಂದರು. ಸತ್ತ ಹಕ್ಕಿ, ಹುಳ ಆಯ್ದು ತರುತ್ತಿದ್ದಾಗ ಅವುಗಳನ್ನು ಮಣ್ಣು ಮಾಡಲು ಒಂದಿಷ್ಟು ಜಾಗ ಬಿಟ್ಟುಕೊಟ್ಟರು. ಮೆಕ್ಕೆಜೋಳದ ಸಾಲುಗಳನ್ನು ಮತ್ತೆ ಮತ್ತೆ ಎಣಿಸುತ್ತಿದ್ದ ಹುಡುಗನ ಕೈಗೆ ನೇಗಿಲು ಕೊಟ್ಟು, ಉಳುತ್ತಾ ಎಣಿಸು ಎಂದರು. 1945ರಲ್ಲಿ ನೋಡಲು ಹೋದ ವೈದ್ಯರ ಎದುರಿಗೇ ಅವನು ಆರು ಉದ್ದ ಸಾಲು ಉತ್ತ. ಕುದುರೆಯನ್ನು ತಿರುಗಿಸಿ ಹೊಸ ಸಾಲು ಹಿಡಿಯುವ ಅವನ ಕೈಚಳಕ ಕಂಡು ವೈದ್ಯರು ಬೆರಗಾದರು.

ಆ ವೈದ್ಯರು ಬಾಲ್ಟಿಮೋರ್‌ನ ಲಿಯೊ ಕ್ಯಾನರ್. 1943ರಲ್ಲಿ ಹನ್ನೊಂದು ಮಕ್ಕಳ ವಿವರ ಬರೆದು ಆಟಿಸಂ ಎಂಬುದನ್ನು ವೈದ್ಯಲೋಕದ ಮುಂದಿಟ್ಟವರು. ಅವರ ಬರಹದ ಮೊದಲ ಮಗುವೇ ಡೊನಾಲ್ಡ್. ಮೂರನೆಯ ವಯಸ್ಸಿನಲ್ಲಿ ಅವನನ್ನು ಮನೆಯಿಂದ ದೂರದ ಸಂಸ್ಥೆಯೊಂದರಲ್ಲಿ ಇರಿಸಲಾಗಿತ್ತು. ಒಂದು ವರ್ಷದ ನಂತರ ಹೆತ್ತವರು ಹೋಗಿ ವಾಪಸ್ ಕರೆತಂದರು. ಕ್ಯಾನರ್ ಮಗುವನ್ನು ನೋಡುವ ಮೊದಲೇ ತಂದೆ ಅವರಿಗೆ 33 ಪುಟಗಳ ಪತ್ರ ಬರೆದಿದ್ದರು: ಮಗ ಏನು ತಿನ್ನುತ್ತಾನೆ, ಯಾವ ಮಾತನ್ನು ಹಾಗೇ ತಿರುಗಿ ಹೇಳುತ್ತಾನೆ, ಯಾವುದಕ್ಕೆ ಸಿಟ್ಟಾಗುತ್ತಾನೆ. ಆಟಿಸಂ ಬಗ್ಗೆ ಲೋಕಕ್ಕೆ ಮೊದಲು ತಿಳಿದದ್ದರಲ್ಲಿ ಎಷ್ಟೋ ಭಾಗ ಒಬ್ಬ ಅಪ್ಪ ಮನೆಯಲ್ಲಿ ಕೂತು ನೋಡಿ ಬರೆದದ್ದು.

ಮಾನ್ವಿ ತಾಲ್ಲೂಕಿನ ಪೋತ್ನಾಳದಲ್ಲಿ ಈ ಹಳೆಯ ಕತೆ ಯಾಕೆ ಬೇಕು ಅಂದರೆ, ಇಲ್ಲಿನ ಮನೆಗಳ ಮುಂದಿರುವ ಪ್ರಶ್ನೆಯ ಉತ್ತರ ಅದರಲ್ಲೇ ಇದೆ. ಮೂರು ವರ್ಷದ ಕೂಸು ಕರೆದರೆ ತಿರುಗಿ ನೋಡುವುದಿಲ್ಲ, ಬೆರಳು ಮಾಡಿ ಏನನ್ನೂ ತೋರಿಸುವುದಿಲ್ಲ, ಆಟಿಕೆ ಗಾಡಿಯ ಗಾಲಿಯನ್ನಷ್ಟೇ ತಿರುಗಿಸುತ್ತಾ ಕೂರುತ್ತದೆ. ಅಜ್ಜಿ ಹೇಳುತ್ತಾಳೆ: "ಗಂಡುಮಕ್ಕಳಿಗೆ ಮಾತು ತಡಾನ ಬರ್ತಾವ, ಅವರಪ್ಪಗೂ ಹಂಗ ಆಗಿತ್ತು." ಹೀಗೆ ವರ್ಷ ಉರುಳುತ್ತದೆ. ಕೊನೆಗೊಮ್ಮೆ ಯಾರೋ ಆಟಿಸಂ ಅನ್ನುತ್ತಾರೆ, ಥೆರಪಿ ಕೊಡಿಸಿ ಅನ್ನುತ್ತಾರೆ. ಎಲ್ಲಿ? ಯಾರ ಹತ್ತಿರ? ರಾಯಚೂರಿಗೋ, ಹೈದರಾಬಾದಿಗೋ, ಬೆಂಗಳೂರಿಗೋ? ಕಾಲುವೆಯ ಬಲದಂಡೆ ಎಡದಂಡೆ ಎನ್ನದೆ ಭತ್ತ, ಹತ್ತಿಯ ಕೆಲಸಕ್ಕೆ ದಿನಗೂಲಿ ಹೋಗುವ ಮನೆಗೆ ವಾರಕ್ಕೆ ಐದು ದಿನ ಮಗುವನ್ನು ಬಸ್ಸಿನಲ್ಲಿ ಹೊತ್ತು ತಿರುಗುವುದು ಆಗದ ಮಾತು. ಗುಳೆ ಹೋಗುವ ಮನೆಗಳ ಪಾಡು ಕೇಳುವುದೇ ಬೇಡ.

ಈ ಪ್ರಶ್ನೆಗೆ ಉತ್ತರ ಸಿಕ್ಕ ದಾರಿ ನೇರವಾಗಿರಲಿಲ್ಲ. ಕ್ಯಾನರ್ ನಂತರದ ಎರಡು ದಶಕ ತಾಯಂದಿರ ಪಾಲಿಗೆ ಕಡುಕಷ್ಟದ ಕಾಲ. ತಾಯಿಯ ಮನಸ್ಸು ಮಗುವಿನ ಕಡೆಗೆ ತಣ್ಣಗಿದ್ದುದೇ ರೋಗಕ್ಕೆ ಕಾರಣ ಎಂದು ದೊಡ್ಡ ದೊಡ್ಡವರು ಬರೆದರು. ಬ್ರೂನೊ ಬೆಟಲ್‌ಹೈಮ್ 1967ರ ಪುಸ್ತಕದಲ್ಲಿ ಅದನ್ನೇ ಸಾರಿದರು. ಹೆತ್ತವರಿಂದ ಮಗುವನ್ನು ಬೇರೆ ಮಾಡುವುದೇ ಮದ್ದು ಎಂಬ ನಂಬಿಕೆ ಬೆಳೆಯಿತು. ಸ್ವತಃ ಆಟಿಸಂ ಇರುವ ಮಗನ ತಂದೆಯಾಗಿದ್ದ ಮನಶ್ಶಾಸ್ತ್ರಜ್ಞ ಬರ್ನಾರ್ಡ್ ರಿಮ್ಲೆಂಡ್ 1964ರಲ್ಲೇ ಪುಸ್ತಕ ಬರೆದು, ಇದು ನರಮಂಡಲಕ್ಕೆ ಸಂಬಂಧಿಸಿದ್ದು, ತಾಯಿಯ ತಪ್ಪಲ್ಲ ಎಂದು ಆಧಾರಸಹಿತ ವಾದಿಸಿದ್ದರು. ಆದರೂ ತಾಯಿಯ ಮೇಲಿನ ಆ ಆರೋಪ ಪೂರ್ತಿ ಸತ್ತಿಲ್ಲ. "ಮೊಬೈಲ್ ಕೊಟ್ಟು ನೀನೇ ಕೆಡಿಸಿದಿ" ಎಂದು ಸೊಸೆಗೆ ಹೇಳುವ ಮನೆಗಳು ನಮ್ಮಲ್ಲಿ ಇವತ್ತಿಗೂ ಇವೆ. ಇದನ್ನು ಬರೆಯುವಾಗ ನನಗೆ ಸಿಟ್ಟು ಬರುತ್ತದೆ. ಆ ತಾಯಿಯ ಮೇಲೆ ಹೊರೆ ಮೊದಲೇ ಇದೆ. ಇಲ್ಲದ ಪಾಪವನ್ನೂ ಹೊರಿಸಬೇಕೇ?

ಆಟಿಸಂಗೆ ವರ್ತನಾ ಚಿಕಿತ್ಸೆ ಬೆಳೆದದ್ದು ಅದೇ ಕಾಲದಲ್ಲಿ, ಲಾಸ್ ಏಂಜಲೀಸ್‌ನ ವಿಶ್ವವಿದ್ಯಾಲಯದಲ್ಲಿ. ನಾರ್ವೆಯಿಂದ ಬಂದಿದ್ದ ಇವಾರ್ ಲೋವಾಸ್ ಕಾರಣ ಹುಡುಕುವುದನ್ನು ಬದಿಗಿಟ್ಟು, ಕಲಿಸಲು ಆಗುತ್ತದೆಯೇ ಎಂದು ನೋಡಿದರು. ಒಂದು ಕೆಲಸವನ್ನು ಚಿಕ್ಕ ಚಿಕ್ಕ ಹೆಜ್ಜೆಯಾಗಿ ಒಡೆಯುವುದು, ಹೆಜ್ಜೆ ಸರಿ ಬಿದ್ದ ಕೂಡಲೇ ಮಗುವಿಗೆ ಇಷ್ಟವಾದದ್ದನ್ನು ಕೊಡುವುದು, ಮತ್ತೆ ಮತ್ತೆ ಮಾಡಿಸುವುದು. ಮಾತೇ ಇಲ್ಲದ ಮಕ್ಕಳು ಪದ ಹೇಳಿದರು. ಅದೇ ಕೋಣೆಯಲ್ಲಿ ಮಕ್ಕಳಿಗೆ ಏಟೂ ಬಿದ್ದಿತು, ವಿದ್ಯುತ್ ಆಘಾತವನ್ನೂ ಕೊಡಲಾಯಿತು. 1965ರ ಲೈಫ್ ಪತ್ರಿಕೆಯಲ್ಲಿ ಅದರ ಚಿತ್ರಗಳು ಅಚ್ಚಾದವು. ಈ ಚಿಕಿತ್ಸೆಯ ಬಗ್ಗೆ ಬೆಳೆದು ದೊಡ್ಡವರಾದ ಆಟಿಸಂನವರೇ ಇಂದು ಎತ್ತುತ್ತಿರುವ ಆಕ್ಷೇಪಗಳಿಗೆ ಬೇರು ಅಲ್ಲಿದೆ. ಅವರ ಮಾತನ್ನು ನಾವು ಕೇಳಬೇಕು: ಕಣ್ಣಲ್ಲಿ ಕಣ್ಣಿಟ್ಟು ನೋಡು ಎಂದು ಬಲವಂತ ಮಾಡುವುದು, ಕೈ ಅಲ್ಲಾಡಿಸಿದರೆ ಕೈ ಹಿಡಿದು ನಿಲ್ಲಿಸುವುದು ಮಗುವಿಗೆ ಕಲಿಕೆಯಲ್ಲ, ಹಿಂಸೆ.

ಈಗ ಬರುತ್ತದೆ ನಿಜವಾದ ಆವಿಷ್ಕಾರ. ಅದನ್ನು ಯಾರೂ ಹುಡುಕಿಕೊಂಡು ಹೋಗಿರಲಿಲ್ಲ. ಚಿಕಿತ್ಸೆ ಮುಗಿದ ಮೇಲೆ ಮಕ್ಕಳು ಏನಾದರು ಎಂದು ಲೋವಾಸ್ ಮತ್ತು ಜೊತೆಗಾರರು ತಿರುಗಿ ನೋಡಿದರು. ಇಪ್ಪತ್ತು ಮಕ್ಕಳ ಆ ವರದಿ 1973ರಲ್ಲಿ ಹೊರಬಂತು. ಆಸ್ಪತ್ರೆಯ ಕೋಣೆಯಲ್ಲಿ ಪರಿಣತರಿಂದ ಕಲಿತು, ಬಳಿಕ ಸರ್ಕಾರಿ ಸಂಸ್ಥೆಗೆ ಹೋದ ಮಕ್ಕಳು ಕಲಿತದ್ದನ್ನು ಕಳೆದುಕೊಂಡಿದ್ದರು. ಯಾವ ಮಕ್ಕಳ ಅಪ್ಪ ಅಮ್ಮಂದಿರಿಗೆ ಕಲಿಸುವ ಬಗೆಯನ್ನು ತೋರಿಸಿಕೊಟ್ಟಿದ್ದರೋ ಆ ಮಕ್ಕಳು ಮನೆಯಲ್ಲಿ ಕಲಿಯುತ್ತಲೇ ಹೋಗಿದ್ದರು. ಹೆತ್ತವರನ್ನು ದೂರ ಇಡಿ ಎನ್ನುತ್ತಿದ್ದ ಕಾಲದಲ್ಲಿ ಲೆಕ್ಕ ಹೇಳಿದ್ದು ಅದಕ್ಕೆ ತದ್ವಿರುದ್ಧ. ಕೋಣೆಯಲ್ಲಿ ಹಚ್ಚಿದ ಸಸಿ ಮನೆಯಂಗಳದಲ್ಲಿ ಬೇರು ಬಿಡದಿದ್ದರೆ ಒಣಗುತ್ತದೆ ಎಂಬುದು ನಮ್ಮ ರೈತರಿಗೆ ಹೊಸದಲ್ಲ; ವಿಜ್ಞಾನಿಗಳಿಗೆ ಅದು ಗೊತ್ತಾಗಲು ಹತ್ತು ವರ್ಷ ಬೇಕಾಯಿತು.

ದುರದೃಷ್ಟಕ್ಕೆ ಜನರ ನೆನಪಿನಲ್ಲಿ ಉಳಿದದ್ದು ಬೇರೆ ಸಂಖ್ಯೆ. 1987ರಲ್ಲಿ ಲೋವಾಸ್ ಇನ್ನೊಂದು ವರದಿ ಪ್ರಕಟಿಸಿದರು: ವಾರಕ್ಕೆ 40 ತಾಸು ಚಿಕಿತ್ಸೆ ಪಡೆದ 19 ಪುಟ್ಟ ಮಕ್ಕಳಲ್ಲಿ 9 ಮಂದಿ ಸಾಮಾನ್ಯ ಶಾಲೆಯ ಒಂದನೇ ತರಗತಿ ಪಾಸಾದರು. ಮಕ್ಕಳನ್ನು ಚೀಟಿ ಎತ್ತಿದಂತೆ ಗುಂಪಿಗೆ ಹಾಕಿರಲಿಲ್ಲ, ಹಾಗಾಗಿ ಫಲಿತಾಂಶವನ್ನು ಅನುಮಾನಿಸಿದವರೂ ಇದ್ದರು. ಆದರೆ "ನಲವತ್ತು ತಾಸು" ಎಂಬುದು ಮಂತ್ರವಾಯಿತು, ವ್ಯಾಪಾರವೂ ಆಯಿತು. ಹೆಚ್ಚು ತಾಸು, ಹೆಚ್ಚು ಫೀಸು. 2024ರಲ್ಲಿ 144 ಅಧ್ಯಯನಗಳನ್ನು, 9,038 ಮಕ್ಕಳ ವಿವರಗಳನ್ನು ಒಟ್ಟು ಮಾಡಿ ನೋಡಿದಾಗ ತಾಸು ಹೆಚ್ಚಾದಷ್ಟೂ ಲಾಭ ಹೆಚ್ಚು ಎಂಬುದಕ್ಕೆ ಗಟ್ಟಿ ಆಧಾರ ಸಿಗಲಿಲ್ಲ. ಹೊಲ ಮಾರಿ ತಾಸು ಕೊಳ್ಳಲು ಹೊರಟ ಅಪ್ಪನಿಗೆ ಈ ಒಂದು ಮಾತು ಯಾರಾದರೂ ತಲುಪಿಸಬೇಕು.

1973ರ ಆ ಮರೆತ ಎಳೆಯನ್ನು ಮತ್ತೆ ಹಿಡಿದವರು ಇಂಗ್ಲೆಂಡಿನ ಮ್ಯಾಂಚೆಸ್ಟರ್‌ನ ಜೊನಾಥನ್ ಗ್ರೀನ್ ಮತ್ತು ಸಂಗಡಿಗರು. ಅವರ ವಿಧಾನದಲ್ಲಿ ಥೆರಪಿಸ್ಟ್ ಮಗುವಿಗೆ ಕಲಿಸುವುದೇ ಇಲ್ಲ. ತಾಯಿಯೋ ತಂದೆಯೋ ಮಗುವಿನೊಂದಿಗೆ ಆಡುತ್ತಾರೆ, ಅದರ ವಿಡಿಯೊ ತೆಗೆಯುತ್ತಾರೆ. ಆಮೇಲೆ ಇಬ್ಬರೂ ಕೂತು ನೋಡುತ್ತಾರೆ: ಇಲ್ಲಿ ಮಗು ನಿಮ್ಮತ್ತ ನೋಡಿತು, ನೀವು ಒಂದು ಕ್ಷಣ ತಡೆದಿರಿ, ಅದು ಮತ್ತೆ ಸನ್ನೆ ಮಾಡಿತು, ಇಲ್ಲಿ ನೀವು ಅವಸರಿಸಿದಿರಿ, ಅದು ಮುಖ ತಿರುಗಿಸಿತು. 2010ರಲ್ಲಿ 152 ಮಕ್ಕಳ ಪರೀಕ್ಷೆಯ ಫಲ ಪ್ರಕಟವಾಯಿತು. ಸುಮಾರು ಆರು ವರ್ಷದ ನಂತರ ನೋಡಿದಾಗಲೂ ಲಾಭ ಉಳಿದಿತ್ತು.

ಆದರೆ ಇಂಗ್ಲೆಂಡಿನಲ್ಲಿ ಅದನ್ನು ಮಾಡಿದವರು ನುರಿತ ಸ್ಪೀಚ್ ಥೆರಪಿಸ್ಟ್‌ಗಳು. ನಮ್ಮಲ್ಲಿ ಅವರೆಲ್ಲಿ? ಈ ಪ್ರಶ್ನೆಗೆ ಉತ್ತರ ಸಿಕ್ಕಿದ್ದು ನಮ್ಮ ಪಕ್ಕದ ಗೋವಾದಲ್ಲಿ. ಸಂಗಾತ್ ಎಂಬ ಸಂಸ್ಥೆಯ ಗೌರಿ ದಿವಾನ್, ವಿಕ್ರಮ್ ಪಟೇಲ್ ಮತ್ತು ಪಾಕಿಸ್ತಾನದ ರಾವಲ್ಪಿಂಡಿಯ ತಂಡ ಸೇರಿ, ಆಟಿಸಂ ಬಗ್ಗೆ ಪರಿಣತಿ ಇಲ್ಲದ ಸಾಮಾನ್ಯ ಕಾರ್ಯಕರ್ತರನ್ನು ತರಬೇತು ಮಾಡಿ ಮನೆ ಮನೆಗೆ ಕಳಿಸಿದರು. ಹದಿನೈದು ದಿನಕ್ಕೊಮ್ಮೆ ಭೇಟಿ, ಆರು ತಿಂಗಳಲ್ಲಿ ಹನ್ನೆರಡು. ಎರಡೂ ಕಡೆ ಸೇರಿ 65 ಮಕ್ಕಳು. 2016ರಲ್ಲಿ ಲ್ಯಾನ್ಸೆಟ್ ಸೈಕಿಯಾಟ್ರಿಯಲ್ಲಿ ಬಂದ ಫಲ ಹೀಗಿತ್ತು: ಹೆತ್ತವರು ಮಗುವಿನ ಲಯಕ್ಕೆ ಹೊಂದಿಕೊಳ್ಳುವುದು ಹೆಚ್ಚಿತು, ಮಗು ತಾನಾಗಿ ಸಂಪರ್ಕ ಆರಂಭಿಸುವುದೂ ಹೆಚ್ಚಿತು. ಎಲ್ಲವೂ ಏರಲಿಲ್ಲ, ಇಬ್ಬರೂ ಒಂದೇ ವಸ್ತುವಿನ ಮೇಲೆ ಗಮನ ಇಡುವ ಸಮಯ ಇಳಿದಿತ್ತು. ಪರೀಕ್ಷೆಯೂ ಚಿಕ್ಕದು. ಅಷ್ಟಾದರೂ ಇದು ದೊಡ್ಡ ಸಂಗತಿ. ಪೋತ್ನಾಳದಂಥ ಊರಿನ ಮಗುವಿಗೆ ಮಹಾನಗರ ಬೇಕೇ ಬೇಕು ಎಂಬ ಮಾತನ್ನು ಈ ಕೆಲಸ ಸುಳ್ಳು ಮಾಡಿದೆ.

ಕರ್ನಾಟಕದ ಒಳಗೂ ಇಂಥದೊಂದು ಹುಡುಕಾಟ ನಡೆಯಿತು. ಭಾಷಾ ಚಿಕಿತ್ಸಾ ತಜ್ಞೆ ಡಾ. ಪ್ರತಿಭಾ ಕಾರಂತ 2000ರಲ್ಲಿ ಬೆಂಗಳೂರಿನಲ್ಲಿ ಕಾಮ್ ಡೀಲ್ ಎಂಬ ಕಾರ್ಯಕ್ರಮ ಆರಂಭಿಸಿದರು. ಪರದೇಶದ ಒಂದೇ ಪದ್ಧತಿಯನ್ನು ಹಾಗೇ ಎತ್ತಿಕೊಳ್ಳದೆ, ಮಾತು, ಕೈಕಾಲಿನ ಚಲನೆ, ದಿನನಿತ್ಯದ ಕೆಲಸ, ಬೆರೆಯುವಿಕೆ ಹೀಗೆ ಎಂಟು ಬಗೆಯ ಬೆಳವಣಿಗೆಯನ್ನು ಒಟ್ಟಿಗೆ ಹಿಡಿದು, ಚಿಕ್ಕ ಗುಂಪಿನಲ್ಲಿ ಕಲಿಸುವ ಪದ್ಧತಿ ಅದು. ದಿಲ್ಲಿಯಲ್ಲಿ ಮೆರ್ರಿ ಬರುವಾ ಎಂಬ ತಾಯಿ 1991ರಲ್ಲಿ ಹುಟ್ಟುಹಾಕಿದ ಆಕ್ಷನ್ ಫಾರ್ ಆಟಿಸಂ ಸಂಸ್ಥೆಯಲ್ಲಿ ಹೆತ್ತವರು ಮಗುವಿನ ಜೊತೆ ಮೂರು ತಿಂಗಳು ಉಳಿದು ಕಲಿತು ಊರಿಗೆ ಮರಳುವ ತರಬೇತಿ ನಡೆದುಬಂದಿದೆ.

ಹಾಗಾದರೆ ಆಯ್ಕೆ ಹೇಗೆ? ಮೊದಲು ಕಿವಿ ಪರೀಕ್ಷೆ ಮಾಡಿಸಿ. ಕೇಳಿಸದ ಮಗುವೂ ಕರೆದರೆ ತಿರುಗುವುದಿಲ್ಲ. ಆಮೇಲೆ ಥೆರಪಿ ಕೇಂದ್ರದ ಬಾಗಿಲಿಗೆ ಹೋದಾಗ ಒಂದನ್ನು ನೋಡಿ: ಅವ್ವನನ್ನು ಒಳಗೆ ಕರೆಯುತ್ತಾರೋ, ಹೊರಗಿನ ಬೆಂಚಿನ ಮೇಲೆ ಕೂರಿಸುತ್ತಾರೋ. ನನ್ನ ಪ್ರಕಾರ ಉಳಿದ ಎಲ್ಲ ಪ್ರಶ್ನೆಗಿಂತ ಇದು ದೊಡ್ಡದು. ಮುಚ್ಚಿದ ಬಾಗಿಲ ಹಿಂದೆ ನಲವತ್ತು ನಿಮಿಷ ಏನೋ ಮಾಡಿ, "ಇವತ್ತು ಚೆನ್ನಾಗಿ ಮಾಡಿದ" ಎಂದಷ್ಟೇ ಹೇಳಿ ಕಳಿಸುವ ಕಡೆ ದುಡ್ಡು ಸುರಿಯಬೇಡಿ, ಕಟ್ಟಡ ಎಷ್ಟೇ ಚಂದ ಇರಲಿ. ಇದರರ್ಥ ತಜ್ಞರು ಬೇಡ ಅಂತಲ್ಲ. ಗೋವಾದ ಕಾರ್ಯಕರ್ತರ ಬೆನ್ನಿಗೂ ತಜ್ಞರ ಉಸ್ತುವಾರಿ ಇತ್ತು. ಸ್ಪೀಚ್ ಥೆರಪಿಸ್ಟ್ ಭಾರತೀಯ ಪುನರ್ವಸತಿ ಪರಿಷತ್ತಿನಲ್ಲಿ ನೋಂದಾಯಿಸಿಕೊಂಡಿದ್ದಾರೆಯೇ ಎಂದು ಸಂಕೋಚವಿಲ್ಲದೆ ಕೇಳಿ; 1992ರ ಕಾಯ್ದೆಯ ಪ್ರಕಾರ ಆ ನೋಂದಣಿ ಬೇಕು. ಮಗುವಿಗೆ ಈಗ ಏನು ಬರುತ್ತದೆ, ಮೂರು ತಿಂಗಳಲ್ಲಿ ಏನು ಕಲಿಸುತ್ತೀರಿ ಎಂಬುದನ್ನು ಬರೆದುಕೊಡಲು ಹೇಳಿ. ಮನೆಯಲ್ಲಿ ತೆಲುಗೋ ಉರ್ದುವೋ ಆಡುವವರು ಆ ಭಾಷೆಯಲ್ಲೇ ಮಗುವಿಗೆ ಕಲಿಸುವ ದಾರಿ ಕೇಳಿ. ಹೊಡೆಯುವವರು, ಊಟ ತಡೆಹಿಡಿಯುವವರು, ಆಟಿಸಂ ಪೂರ್ತಿ ವಾಸಿ ಮಾಡುತ್ತೇವೆ ಎಂದು ಗ್ಯಾರಂಟಿ ಕೊಡುವವರು, ಈ ಮೂವರ ಕಡೆಯಿಂದ ಮಗುವನ್ನು ಎತ್ತಿಕೊಂಡು ಎದ್ದು ಬನ್ನಿ.

ದೂರದ ದೊಡ್ಡ ಸಂಸ್ಥೆಗಳನ್ನು ಬಳಸಿಕೊಳ್ಳುವುದಕ್ಕೂ ಒಂದು ಕ್ರಮ ಇದೆ. ಬೆಂಗಳೂರಿನ ನಿಮ್ಹಾನ್ಸ್, ಮೈಸೂರಿನಲ್ಲಿ 1965ರಿಂದ ಇರುವ ಅಖಿಲ ಭಾರತ ವಾಕ್ ಶ್ರವಣ ಸಂಸ್ಥೆ, ನಮಗೆ ರೈಲಿನಲ್ಲಿ ಹತ್ತಿರವಾದ ಸಿಕಂದರಾಬಾದಿನ ರಾಷ್ಟ್ರೀಯ ಬೌದ್ಧಿಕ ದಿವ್ಯಾಂಗ ಸಂಸ್ಥೆ, ಇಲ್ಲಿಗೆಲ್ಲ ತಪಾಸಣೆಗೆ ಮತ್ತು ಕಲಿಯುವುದಕ್ಕೆ ಹೋಗಿ. ದಿನವೂ ಮಾಡಬೇಕಾದ ಕೆಲಸ ಮಾತ್ರ ಮನೆಯಲ್ಲೇ ನಡೆಯಲಿ: ರೊಟ್ಟಿ ಕೊಡುವ ಮುನ್ನ ಒಂದು ಕ್ಷಣ ಕಾದು ಅದರ ಸನ್ನೆಗೆ ಎಡೆ ಕೊಡುವುದು, ಅದು ನೋಡುತ್ತಿರುವುದರ ಹೆಸರನ್ನೇ ಹೇಳುವುದು, ಅದರ ಆಟದೊಳಗೆ ನಾವು ಹೋಗುವುದು.

ಸರ್ಕಾರದ ಕಡೆಯ ಬಾಗಿಲುಗಳೂ ಇವೆ. 2013ರಲ್ಲಿ ಆರಂಭವಾದ ರಾಷ್ಟ್ರೀಯ ಬಾಲ ಸ್ವಾಸ್ಥ್ಯ ಕಾರ್ಯಕ್ರಮದ ತಂಡ ಅಂಗನವಾಡಿಗೆ ವರ್ಷಕ್ಕೆ ಎರಡು ಸಲ ಬರಬೇಕು; ಅವರು ನೋಡಬೇಕಾದ ಮೂವತ್ತು ಸಮಸ್ಯೆಗಳ ಪಟ್ಟಿಯಲ್ಲಿ ಆಟಿಸಂ ಇದೆ. 2016ರ ಅಂಗವಿಕಲರ ಹಕ್ಕುಗಳ ಕಾಯ್ದೆಯ 21 ಅಂಗವೈಕಲ್ಯಗಳಲ್ಲೂ ಅದು ಸೇರಿದೆ. ರಾಷ್ಟ್ರೀಯ ನ್ಯಾಸದ ನಿರಾಮಯ ವಿಮೆಯಲ್ಲಿ ಒಂದು ಲಕ್ಷ ರೂಪಾಯಿವರೆಗೆ ಥೆರಪಿಯ ಖರ್ಚೂ ಸೇರುತ್ತದೆ.

ಪೋತ್ನಾಳದ, ಮಾನ್ವಿಯ, ದೇವದುರ್ಗದ ಅಂಗನವಾಡಿ ಟೀಚರ್‌ಗಳಲ್ಲಿ, ಆಶಾ ಕಾರ್ಯಕರ್ತೆಯರಲ್ಲಿ ನನ್ನದೊಂದು ಬಿನ್ನಹ. ಗೋವಾದಲ್ಲಿ ಮನೆ ಮನೆಗೆ ಹೋದವರೂ ಪರಿಣತರಾಗಿರಲಿಲ್ಲ. ಎರಡು ವರ್ಷ ತುಂಬಿದ ಕೂಸು ಬೆರಳು ಮಾಡಿ ತೋರಿಸದಿದ್ದರೆ, ಹೆಸರು ಕರೆದರೆ ತಿರುಗದಿದ್ದರೆ, ದೊಡ್ಡವನಾದಮೇಲೆ ಸರಿ ಹೋಗುತ್ತಾನೆ ಎನ್ನಬೇಡಿ. ಆ ತಾಯಿಯ ಜೊತೆ ನೀವೂ ರಾಯಚೂರಿಗೆ ಹೊರಡಿ, ವೈದ್ಯರ ಕೋಣೆಯೊಳಗೆ ಅವಳ ಪಕ್ಕದಲ್ಲಿ ಕೂತು ಕೇಳಿಸಿಕೊಳ್ಳಿ.